ನಾಯಿಗೂ ಪಥ್ಯವೆ?

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಾಯಿ ಇಲ್ಲದ ಶೆಡ್ಡು ಅಪರೂಪ. ಯಾವುದೋ ಮಳೆಗಾಲದಲ್ಲಿ ಯಂತ್ರದ ಹಿಂದೆ ಮರಿ ಹಾಕಿದ ತಾಯಿ, ಅವುಗಳಲ್ಲಿ ಉಳಿದುಕೊಂಡ ಒಂದೆರಡು ಮರಿ, ಅವಕ್ಕೆ ಕ್ಯಾಂಟೀನಿನ ಅನ್ನ-ಸಾರು. ಹೀಗೆ ಬೆಳೆದ ನಾಯಿಯೊಂದು ಒಂದು ದಿನ ಯಾರೋ ಕೆಲಸಗಾರರ ಬೆನ್ನು ಹತ್ತಿ ಚೊಕ್ಕಸಂದ್ರಕ್ಕೋ, ದಾಸರಹಳ್ಳಿಗೋ, ಲಗ್ಗೆರೆಗೋ ಹೋಗಿ ಮನೆಯ ನಾಯಿಯಾಗಿಬಿಡುತ್ತದೆ. ಊರಿನ ಇನ್ನೊಂದು ತುದಿಯ ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಾಯಿ ಬರುವ ದಾರಿ ಬೇರೆ. ಅಲ್ಲಿ ಲ್ಯಾಬ್ರಡಾರ್ ಮರಿ ಕಾರಿನಲ್ಲಿ ಕುಳಿತು ಅಪಾರ್ಟ್‌ಮೆಂಟಿನ ಲಿಫ್ಟ್ ಏರುತ್ತದೆ. ಬಂದ ದಾರಿ ಬೇರೆಯಾದರೂ ಎಂಟು-ಹತ್ತು ವರ್ಷ ಕಳೆಯುವ ಹೊತ್ತಿಗೆ ಎರಡೂ ಒಂದೇ ಬಾಗಿಲಲ್ಲಿ ಬಂದು ನಿಲ್ಲುತ್ತವೆ. ಅದು ಪಶುವೈದ್ಯರ ಬಾಗಿಲು. ಜಾತಿ ಯಾವುದಾದರೇನು, ನಾಯಿಗೆ ಮೂತ್ರಪಿಂಡ ಎರಡೇ.

ಪೀಣ್ಯದ ಆಸುಪಾಸಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎರಡು ಕೋಣೆಯ ಬಾಡಿಗೆ ಮನೆ. ತಂದೆಗೆ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ತಾಯಿಗೆ ಗಾರ್ಮೆಂಟ್ಸಿನಲ್ಲಿ. ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಊರಿಂದ ಬಂದ ಅಜ್ಜಿ ಮನೆಯಲ್ಲೇ ಇದ್ದಾರೆ. ಟಾಮಿಗೆ ಈಗ ಹತ್ತು ವರ್ಷ. ಎರಡು ತಿಂಗಳಿಂದ ಅದು ಬಕೆಟ್ಟುಗಟ್ಟಲೆ ನೀರು ಕುಡಿಯುತ್ತಿದೆ. ಎಂದೂ ಮನೆಯೊಳಗೆ ಗಲೀಜು ಮಾಡದ ನಾಯಿ ರಾತ್ರಿ ಹೊಸ್ತಿಲ ಬಳಿಯೇ ಉಚ್ಚೆ ಹೊಯ್ಯುತ್ತಿದೆ. ಮೈ ಇಳಿದಿದೆ, ಬಾಯಿ ವಾಸನೆ ಹೊಡೆಯುತ್ತಿದೆ. ಡಾಕ್ಟರು ರಕ್ತ, ಮೂತ್ರ ಪರೀಕ್ಷೆ ಮಾಡಿಸಿ, "ಕಿಡ್ನಿ ಸೋತಿದೆ. ಇನ್ನು ಮುಂದೆ ಈ ಆಹಾರವೇ ಕೊಡಬೇಕು" ಎಂದು ಒಂದು ಪ್ಯಾಕೆಟ್ಟಿನ ಹೆಸರು ಬರೆದುಕೊಟ್ಟಿದ್ದಾರೆ. ಅದರ ಬೆಲೆ ಕೇಳಿ ಮನೆಮಂದಿ ದಂಗಾಗಿದ್ದಾರೆ.

ಅಂದು ರಾತ್ರಿ ಊಟದ ಹೊತ್ತಿನಲ್ಲಿ ನಾಲ್ಕು ಮಾತು ಬಂದವು.

"ಅಪ್ಪ, ಡಾಕ್ಟರು ಹೇಳಿದ್ದಾರೆ ಅಂದ ಮೇಲೆ ತರಲೇಬೇಕು" ಎಂದಳು ಮಗಳು.

"ನಾವು ತಿನ್ನೋ ಅಕ್ಕಿಗಿಂತ ಹತ್ತು ಪಾಲು ಜಾಸ್ತಿ ಕಣಮ್ಮ ಅದರ ಬೆಲೆ. ಎಷ್ಟು ತಿಂಗಳು ಅಂತ ತರೋದು?" ಎಂದರು ತಂದೆ.

"ಚೀಟಿ ಬರೆದವರೂ ಅವರೇ, ಪ್ಯಾಕೆಟ್ಟು ಮಾರೋರೂ ಅವರೇ" ಎಂದರು ತಾಯಿ.

ಅಜ್ಜಿ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ನಮ್ಮೂರಲ್ಲಿ ನಾಯಿಗೆ ಮುದ್ದೆ ಹಾಕಿ ಸಾಕಿದ್ವಿ. ಒಂದೂ ಡಾಕ್ಟರ ಮುಖ ನೋಡಲಿಲ್ಲ."

ನಾಲ್ಕರಲ್ಲಿ ಯಾವ ಮಾತೂ ಪೂರ್ತಿ ತಪ್ಪಲ್ಲ. ಆದರೆ ಯಾವುದೂ ಸಂಪೂರ್ಣವೂ ಅಲ್ಲ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದೇನು? ಮೊದಲ ಪ್ಯಾಕೆಟ್ಟು ತರುತ್ತಾರೆ, ಎರಡನೆಯದಕ್ಕೆ ಹಿಂದುಮುಂದು ನೋಡುತ್ತಾರೆ, ಮೂರನೆಯದನ್ನು ಯಾರಿಗೂ ಹೇಳದೆ ನಿಲ್ಲಿಸುತ್ತಾರೆ. ಡಾಕ್ಟರ ಬಳಿಗೆ ಮತ್ತೆ ಹೋಗಲು ಸಂಕೋಚ. ಅಲ್ಲಿಗೆ ದುಡ್ಡೂ ಹೋಯಿತು, ನಾಯಿಗೂ ಪ್ರಯೋಜನವಾಗಲಿಲ್ಲ. ಆದ್ದರಿಂದ ಒಪ್ಪುವ ಅಥವಾ ಬಿಡುವ ಮೊದಲು ಈ ನಾಲ್ಕು ಮಾತುಗಳನ್ನು ಒಂದೊಂದಾಗಿ ತೂಗಿ ನೋಡುವುದು ಒಳ್ಳೆಯದು.

ಚೀಟಿಯ ಹಿಂದಿನ ಕಾರಣ

ಮೊದಲು ಮಗಳ ಮಾತು. ಡಾಕ್ಟರು ಹೇಳಿದ್ದಾರೆ, ಸರಿ. ಆದರೆ ಯಾವ ರೋಗಕ್ಕೆ ಹೇಳಿದ್ದಾರೆ?

ಹತ್ತನೆಯ ತರಗತಿಯಲ್ಲಿ ನೆಫ್ರಾನಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿದವರಿಗೆ ಈ ವಿಷಯ ಕಷ್ಟವೇನಲ್ಲ. ಮನುಷ್ಯನ ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನುಗಳಿದ್ದರೆ ನಾಯಿಯಲ್ಲಿ ಸುಮಾರು ನಾಲ್ಕು ಲಕ್ಷ. ಸತ್ತ ನೆಫ್ರಾನು ಮತ್ತೆ ಹುಟ್ಟುವುದಿಲ್ಲ. ಮೂರರಲ್ಲಿ ಎರಡು ಪಾಲು ಹೋದ ಮೇಲಷ್ಟೇ ಮೂತ್ರ ನೀರಿನಂತೆ ತೆಳ್ಳಗಾಗಿ ನಾಯಿ ಹೆಚ್ಚು ನೀರು ಕುಡಿಯತೊಡಗುತ್ತದೆ. ಮುಕ್ಕಾಲು ಪಾಲು ಹೋದ ಮೇಲಷ್ಟೇ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲ ಏರಿದ್ದು ಕಾಣುತ್ತದೆ. ಅಂದರೆ ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಅರ್ಧ ದಾರಿ ದಾಟಿರುತ್ತದೆ.

ನಾಯಿಗಳ ಮೂತ್ರಪಿಂಡದ ಕಾಯಿಲೆಯನ್ನು ಲೋಕದ ವೈದ್ಯರು ನಾಲ್ಕು ಹಂತವಾಗಿ ವಿಂಗಡಿಸಿದ್ದಾರೆ. ಕ್ರಿಯಾಟಿನಿನ್ ಒಂದು ಡೆಸಿಲೀಟರ್ ರಕ್ತಕ್ಕೆ 1.4 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಮೊದಲ ಹಂತ. 2.8ರವರೆಗೆ ಎರಡನೆಯದು, 5ರವರೆಗೆ ಮೂರನೆಯದು, ಅದರಾಚೆ ನಾಲ್ಕನೆಯದು. ಎರಡನೆಯ ಹಂತದಿಂದ ಮುಂದಕ್ಕೆ ಪಥ್ಯದ ಆಹಾರ ಆರಂಭಿಸಬಹುದು ಎಂಬುದು ಸಾಮಾನ್ಯ ಸಲಹೆ. ಟಾಮಿಯ ವರದಿಯಲ್ಲಿ 3.1 ಎಂದಿದ್ದರೆ ಅದು ಮೂರನೆಯ ಹಂತ.

ಆದರೆ ಒಂದೇ ಸಲದ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ. ವಾಂತಿಭೇದಿಯಿಂದ ಮೈಯಲ್ಲಿ ನೀರು ಬತ್ತಿದ್ದರೂ ಕ್ರಿಯಾಟಿನಿನ್ ಏರುತ್ತದೆ. ಇಲಿಯ ಉಚ್ಚೆಯಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಸೋಂಕಿನಿಂದಲೂ ಮೂತ್ರಪಿಂಡ ದಿಢೀರನೆ ಕೆಡುತ್ತದೆ. ಗೋದಾಮುಗಳೂ ತೆರೆದ ಚರಂಡಿಗಳೂ ಇರುವ ಕಡೆ ಇದನ್ನು ಮರೆಯುವಂತಿಲ್ಲ. ಮನುಷ್ಯರಿಗೂ ಅಂಟುವ ಸೋಂಕು ಇದು. ಅದಕ್ಕೆ ಬೇಕಾದದ್ದು ಡ್ರಿಪ್ಪು, ಆಂಟಿಬಯಾಟಿಕ್ಕು. ಆಹಾರದ ಮಾತು ಆಮೇಲೆ. ಆದ್ದರಿಂದ ಡಾಕ್ಟರಿಗೆ ಕೇಳಬೇಕಾದ ಮೊದಲ ಪ್ರಶ್ನೆ: "ಇದು ಈಚೆಗೆ ಬಂದದ್ದೆ, ಬಹಳ ದಿನದ್ದೆ? ಪರೀಕ್ಷೆ ಇನ್ನೊಮ್ಮೆ ಮಾಡಬೇಕೆ?"

ಬಹಳ ದಿನದ ಕಾಯಿಲೆಯೇ ಎಂದು ಖಚಿತವಾದರೆ ಮಗಳ ಮಾತಿಗೆ ಬಲ ಬರುತ್ತದೆ. ಈ ಬಗ್ಗೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಮೂತ್ರಪಿಂಡ ಸೋತ 38 ನಾಯಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಪಥ್ಯದ ಆಹಾರ, ಇನ್ನೊಂದಕ್ಕೆ ಮಾಮೂಲಿ ಆಹಾರ ಕೊಟ್ಟು ಎರಡು ವರ್ಷದವರೆಗೆ ಗಮನಿಸಿದರು. ಯಾವ ನಾಯಿಗೆ ಯಾವುದು ಎಂಬುದು ಸಾಕಿದವರಿಗೂ ತಿಳಿಯದು, ನೋಡುತ್ತಿದ್ದ ವೈದ್ಯರಿಗೂ ತಿಳಿಯದು. ಪಥ್ಯದ ಗುಂಪಿನಲ್ಲಿ ರಕ್ತಕ್ಕೆ ನಂಜೇರಿ ನಾಯಿ ಕುಸಿದುಬೀಳುವ ಅಪಾಯ ಸುಮಾರು ಮುಕ್ಕಾಲು ಪಾಲು ತಗ್ಗಿತು. ಆಯುಸ್ಸು ಒಂದು ವರ್ಷಕ್ಕೂ ಮಿಕ್ಕಿ ಹೆಚ್ಚಿತು. ಹತ್ತು-ಹನ್ನೆರಡು ವರ್ಷ ಬದುಕುವ ಪ್ರಾಣಿಗೆ ಒಂದು ವರ್ಷವೆಂದರೆ ಸಣ್ಣದಲ್ಲ.

ಆ ಪ್ಯಾಕೆಟ್ಟಿನೊಳಗೆ ಇರುವ ಮಾಯೆಯಾದರೂ ಏನು? ಮದ್ದೇನೂ ಇಲ್ಲ. ರಂಜಕದ ಅಂಶ ಕಡಿಮೆ, ಉಪ್ಪು ಕಡಿಮೆ. ಪ್ರೋಟೀನು ಮಿತವಾಗಿದ್ದರೂ ಉತ್ತಮ ದರ್ಜೆಯದು. ಜೊತೆಗೆ ಮೀನೆಣ್ಣೆಯಲ್ಲಿರುವಂಥ ಕೊಬ್ಬು. ಸೋತ ಮೂತ್ರಪಿಂಡಕ್ಕೆ ಹೊರೆ ಇಳಿಸುವುದಷ್ಟೇ ಅದರ ಕೆಲಸ. ಔಷಧಿಯ ಜೊತೆಗೆ ಕುಂಬಳಕಾಯಿ ಬೇಡ, ಬದನೆಕಾಯಿ ಬೇಡ ಎಂದು ನಮ್ಮ ಪಂಡಿತರು ಹೇಳುತ್ತಿರಲಿಲ್ಲವೆ? ಅದೇ ಪಥ್ಯ. ಮನುಷ್ಯನಿಗೆ ಪಥ್ಯ ಉಂಟು ಎಂದು ಒಪ್ಪುವವರು ನಾಯಿಗೂ ಪಥ್ಯ ಉಂಟು ಎಂದರೆ ನಗಬೇಕಾದ್ದಿಲ್ಲ.

ಆದರೆ ಎಲ್ಲ ರೋಗಕ್ಕೂ ಈ ಮಾತು ಒಂದೇ ಸಮನೆ ಅನ್ವಯಿಸದು. ಮೂತ್ರಕೋಶದಲ್ಲಿ ಕಲ್ಲು ಎಂದಿಟ್ಟುಕೊಳ್ಳಿ. ಸ್ಟ್ರುವೈಟ್ ಜಾತಿಯ ಕಲ್ಲು ನಾಯಿಗಳಲ್ಲಿ ಹೆಚ್ಚಾಗಿ ಸೋಂಕಿನಿಂದ ಬರುತ್ತದೆ. ಆಂಟಿಬಯಾಟಿಕ್ಕಿನ ಜೊತೆ ಸರಿಯಾದ ಪಥ್ಯ ಕೊಟ್ಟರೆ ಕರಗುತ್ತದೆ, ಆಪರೇಷನ್ ತಪ್ಪುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಯಾವ ಆಹಾರಕ್ಕೂ ಕರಗದು, ತೆಗೆಯಲೇಬೇಕು. ಮೈತುಂಬ ಕಪ್ಪು ಚುಕ್ಕೆಯ ಡಾಲ್ಮೇಷನ್ ನಾಯಿಗೆ ಹುಟ್ಟಿನಿಂದಲೇ ಇರುವ ದೋಷದಿಂದ ಮೂರನೆಯ ಬಗೆಯ ಕಲ್ಲು ಬರುತ್ತದೆ, ಅದರ ಪಥ್ಯವೇ ಬೇರೆ. "ಕಲ್ಲಿಗೆ ಒಳ್ಳೆಯದಂತೆ" ಎಂದು ಪಕ್ಕದ ಮನೆಯ ನಾಯಿಯ ಪ್ಯಾಕೆಟ್ಟನ್ನೇ ತಂದರೆ ಕೆಲಸ ಕೆಡಬಹುದು.

ಮೈ ತುರಿಕೆಯದು ಇನ್ನೂ ಬೇರೆ. ಊಟ ಒಗ್ಗದೆ ತುರಿಕೆ ಬಂದಿದೆಯೆ ಎಂದು ತಿಳಿಯಲು ರಕ್ತ ಪರೀಕ್ಷೆಯನ್ನು ನಂಬುವಂತಿಲ್ಲ. ಅಲ್ಲಿ ವಿಶೇಷ ಆಹಾರವೇ ಪರೀಕ್ಷೆ. ಸುಮಾರು ಎಂಟು ವಾರ ಅದೊಂದನ್ನೇ ಕೊಟ್ಟು, ತುರಿಕೆ ನಿಂತರೆ ಹಳೆಯ ಊಟ ಮತ್ತೆ ಹಾಕಿ ನೋಡಬೇಕು. ತುರಿಕೆ ಮರಳಿದರೆ ಮಾತ್ರ ಊಟದ ದೋಷ. ನಡುವೆ ಟೀ ಅಂಗಡಿಯ ಮುಂದೆ ಯಾರೋ ಒಂದು ಬಿಸ್ಕತ್ತು ಎಸೆದರೂ ಲೆಕ್ಕ ತಪ್ಪಿತು. ಇಷ್ಟೆಲ್ಲ ಆರಂಭಿಸುವ ಮೊದಲು ಉಣ್ಣೆ, ಚಿಗಟ, ಕಜ್ಜಿಹುಳುಗಳನ್ನು ನೋಡಿಸಿಕೊಳ್ಳುವುದು ಜಾಣತನ. ಎಷ್ಟೋ ಸಲ ತುರಿಕೆಯ ಮೂಲ ಅಲ್ಲೇ ಇರುತ್ತದೆ.

ಅಜ್ಜಿಯ ಮುದ್ದೆ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಅಜ್ಜಿ ನಾಯಿಗೂ ಅನ್ವಯಿಸುತ್ತಾರೆ. ಹಳ್ಳಿಯ ನಾಯಿ ಮುದ್ದೆ ತಿಂದು ಹೊಲ ಕಾಯ್ದದ್ದು ಸುಳ್ಳಲ್ಲ. ಆದರೆ ಆ ನಾಯಿಗಳೂ ಸತ್ತವು. ಏಕೆ ಸತ್ತವು ಎಂದು ಯಾರೂ ರಕ್ತ ತೆಗೆದು ನೋಡಲಿಲ್ಲ, ಅಷ್ಟೇ. "ವಯಸ್ಸಾಗಿತ್ತು" ಎಂದರು, ತೋಟದ ಬದುವಿನಲ್ಲಿ ಮಣ್ಣು ಮಾಡಿದರು.

ಆರೋಗ್ಯವಂತ ನಾಯಿಗೆ ಮನೆಯ ಊಟ ಹಾಕಬಾರದು ಎಂದೇನಿಲ್ಲ. ಅನ್ನ, ರಾಗಿ, ಬೇಯಿಸಿದ ಮಾಂಸ, ಮೊಟ್ಟೆ ಎಲ್ಲ ಸರಿಯೇ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ಮಾತ್ರ ಸೇರದಂತೆ ನೋಡಿಕೊಳ್ಳಬೇಕು. ಪಾಯಸದ ಒಣದ್ರಾಕ್ಷಿಯೂ ನಾಯಿಗೆ ವಿಷ. ಪ್ರಶ್ನೆ ಇರುವುದು ರೋಗ ಬಂದ ನಾಯಿಯದು. ಕೋಳಿ ಅಂಗಡಿಯಿಂದ ಅಗ್ಗಕ್ಕೆ ತರುವ ಕಾಲು, ತಲೆ, ಕುತ್ತಿಗೆಯಲ್ಲಿ ಎಲುಬೇ ಹೆಚ್ಚು, ಎಲುಬಿನಲ್ಲಿ ರಂಜಕ ಹೆಚ್ಚು. ಈಲಿಯಲ್ಲೂ ಹಾಗೆಯೇ. ಸೋತ ಮೂತ್ರಪಿಂಡ ಹೊರಹಾಕಲಾರದ್ದು ಇದನ್ನೇ. ಪ್ರೀತಿಯಿಂದ ಹಾಕಿದ ಎಲುಬು ಒಳಗೊಳಗೇ ಕೆಲಸ ಕೆಡಿಸುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ. ಬೆಳೆಯುವವರಿಗೆ ಅದೇ ಗುಣ, ಕಲ್ಲಿನ ತೊಂದರೆ ಇರುವ ನಾಯಿಗೆ ಮಾತ್ರ ಕೇಳಿಯೇ ಕೊಡಬೇಕು.

ಹಾಗಾದರೆ ಪುಸ್ತಕದಲ್ಲೋ ಮೊಬೈಲಿನಲ್ಲೋ ಸಿಗುವ "ಕಿಡ್ನಿ ರೋಗಕ್ಕೆ ಮನೆ ಅಡುಗೆ" ನೋಡಿ ಮಾಡಿದರಾಗದೆ? ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ತಜ್ಞರು ನಾಯಿ-ಬೆಕ್ಕುಗಳ ಮೂತ್ರಪಿಂಡದ ರೋಗಕ್ಕೆಂದು ಪ್ರಚಾರದಲ್ಲಿದ್ದ ಇಂಥ 67 ಪಾಕವಿಧಾನಗಳನ್ನು ಕಲೆಹಾಕಿ ಪರಿಶೀಲಿಸಿದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೇಕಾದ ಪೋಷಕಾಂಶಗಳೆಲ್ಲ ಸಾಕಷ್ಟು ಇದ್ದ ಪಾಕ ಒಂದೂ ಇರಲಿಲ್ಲ.

ಇಷ್ಟು ಕೇಳಿ ಅಜ್ಜಿ ಸೋತರು ಎಂದುಕೊಳ್ಳಬಾರದು. ಏಕೆಂದರೆ ಈ ಪ್ಯಾಕೆಟ್ ಆಹಾರ ಹುಟ್ಟಿದ್ದೇ ಮನೆಯ ಅಡುಗೆ ಒಲೆಯ ಮೇಲೆ. ಅಮೆರಿಕದಲ್ಲಿ ಮಾರಿಸ್ ಫ್ರಾಂಕ್ ಎಂಬ ಅಂಧರೊಬ್ಬರಿದ್ದರು. ಅಂಧರಿಗೆ ದಾರಿ ತೋರಿಸುವ ನಾಯಿಗಳನ್ನು ಪಳಗಿಸುವ ಸಂಸ್ಥೆ 1929ರಲ್ಲಿ ಆ ದೇಶದಲ್ಲಿ ಆರಂಭವಾಗಲು ಕಾರಣರಾದವರಲ್ಲಿ ಅವರೊಬ್ಬರು. ಬಡಿ ಎಂಬ ಹೆಸರಿನ ಜರ್ಮನ್ ಷೆಪರ್ಡ್ ನಾಯಿಯೇ ಅವರ ಕಣ್ಣು. 1930ರ ದಶಕದ ಕೊನೆಯಲ್ಲಿ ಅವರ ನಾಯಿಯ ಮೂತ್ರಪಿಂಡ ಸೋಲತೊಡಗಿತು. ನ್ಯೂಜೆರ್ಸಿಯ ಪಶುವೈದ್ಯ ಡಾ. ಮಾರ್ಕ್ ಮಾರಿಸ್ ಆಹಾರವನ್ನು ಬದಲಿಸಿ ನೋಡೋಣ ಎಂದರು. ಅವರೂ ಅವರ ಪತ್ನಿಯೂ ಮನೆಯಲ್ಲೇ ಬೇಯಿಸಿ ಗಾಜಿನ ಜಾಡಿಗಳಲ್ಲಿ ತುಂಬಿ ಕಳಿಸತೊಡಗಿದರು. ಸಾಗಣೆಯಲ್ಲಿ ಜಾಡಿಗಳು ಒಡೆದವು, ತಗಡಿನ ಡಬ್ಬಿ ಬಂತು. ಬೇರೆ ವೈದ್ಯರಿಂದಲೂ ಬೇಡಿಕೆ ಬಂದು, 1948ರಲ್ಲಿ ಕನ್ಸಾಸ್ ರಾಜ್ಯದ ಟೊಪೀಕಾ ನಗರದ ಕಾರ್ಖಾನೆಯೊಂದು ಅದನ್ನು ತಯಾರಿಸುವ ಕೆಲಸ ವಹಿಸಿಕೊಂಡಿತು. ಇಂದಿನ ಪ್ಯಾಕೆಟ್ಟುಗಳ ಮೂಲಪುರುಷ ಆ ಗಾಜಿನ ಜಾಡಿ.

ಅದೂ ಮನೆಯಡುಗೆಯೇ, ಇದೂ ಮನೆಯಡುಗೆಯೇ. ವ್ಯತ್ಯಾಸ ಒಂದೇ. ಡಾ. ಮಾರಿಸ್ ರೋಗ ತಿಳಿದು, ಅಳೆದು ಬೇಯಿಸಿದರು. ಮನೆಯಡುಗೆಯಲ್ಲಿ ದೋಷವಿಲ್ಲ, ಅಳತೆ ಇಲ್ಲದಿರುವುದು ದೋಷ. ಪಶುವೈದ್ಯರು ತೂಕ, ವರದಿ ನೋಡಿ ಇಷ್ಟು ಗ್ರಾಂ ಅನ್ನ, ಇಷ್ಟು ಮಾಂಸ, ಇಷ್ಟು ಮೊಟ್ಟೆಯ ಬಿಳಿ, ಇಷ್ಟು ಎಣ್ಣೆ, ಮೇಲೆ ಈ ಕ್ಯಾಲ್ಸಿಯಂ, ಈ ವಿಟಮಿನ್ನು ಎಂದು ಬರೆದುಕೊಟ್ಟರೆ, ಅಜ್ಜಿ ಅದನ್ನು ಒಂದು ಗ್ರಾಮೂ ತಪ್ಪದೆ ಬೇಯಿಸುವುದಾದರೆ, ಅದು ಪಥ್ಯವೇ.

ಬರೆಯುವವರೇ ಮಾರಿದರೆ

ತಾಯಿಯ ಅನುಮಾನ ಹೊಸದಲ್ಲ. 2016ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾಯಿ-ಬೆಕ್ಕು ಸಾಕಿದ ಕೆಲವರು ದೊಡ್ಡ ಕಂಪನಿಗಳ ಮೇಲೆ ದಾವೆ ಹೂಡಿದರು. "ಈ ಆಹಾರದಲ್ಲಿ ಔಷಧಿ ಇಲ್ಲ, ಚೀಟಿ ಬೇಕೆಂದು ಕಾನೂನೂ ಹೇಳುವುದಿಲ್ಲ. ಚೀಟಿಯ ಆಹಾರ ಎಂದು ಕರೆದು ಹೆಚ್ಚು ಬೆಲೆ ಕೀಳುತ್ತಿದ್ದಾರೆ" ಎಂಬುದು ಅವರ ದೂರು. ಕೆಳಗಿನ ನ್ಯಾಯಾಲಯ ತಳ್ಳಿಹಾಕಿದ ಈ ದಾವೆ ಮುಂದುವರಿಯಬಹುದು ಎಂದು 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಗಮನಿಸಬೇಕಾದದ್ದು, ಜಗಳ ಇದ್ದದ್ದು "ಚೀಟಿ" ಎಂಬ ಪದದ ಬಗ್ಗೆ ಮತ್ತು ಬೆಲೆಯ ಬಗ್ಗೆ. ಮೂತ್ರಪಿಂಡದ ಪಥ್ಯ ಉಪಯೋಗವಿಲ್ಲವೆಂದು ಆ ನ್ಯಾಯಾಲಯ ಹೇಳಲಿಲ್ಲ.

ದೊಡ್ಡ ಹೆಸರು ಇದ್ದರೆ ತಪ್ಪಾಗದು ಎಂದೂ ಇಲ್ಲ. 2007ರಲ್ಲಿ ಚೀನಾದಿಂದ ಬಂದ ಗೋಧಿ ಅಂಟಿನಲ್ಲಿ ಮೆಲಮೈನ್ ಬೆರಕೆಯಾಗಿ ಅಮೆರಿಕದಲ್ಲಿ ಅನೇಕ ನಾಯಿ-ಬೆಕ್ಕುಗಳ ಮೂತ್ರಪಿಂಡ ಕೆಟ್ಟಿತು. ಭಾರಿ ಪ್ರಮಾಣದಲ್ಲಿ ಆಹಾರ ವಾಪಸು ಪಡೆಯಬೇಕಾಯಿತು. 2019ರಲ್ಲಿ ವಿಟಮಿನ್ ಡಿ ಮಿತಿಮೀರಿದ್ದರಿಂದ ಡಬ್ಬಿಯ ನಾಯಿ ಆಹಾರ ವಾಪಸಾಯಿತು. ಅದರಲ್ಲಿ ವೈದ್ಯರು ಬರೆದುಕೊಡುವ ಬಗೆಗಳೂ ಸೇರಿದ್ದವು. ಪ್ಯಾಕೆಟ್ಟಿನ ಮೇಲಿನ ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ ಬರೆದಿಟ್ಟುಕೊಳ್ಳುವುದು, ಹೊಸ ಪ್ಯಾಕೆಟ್ಟು ತೆರೆದ ಮೇಲೆ ನಾಯಿ ಮಂಕಾದರೆ ಕೂಡಲೇ ತಿಳಿಸುವುದು ಒಳ್ಳೆಯದು.

ಹಾಗೆಂದು ಮಾರುವವರೇ ಹೇಳಿದ್ದರಿಂದ ಮಾತು ಸುಳ್ಳಾಗದು. ಹೇಳಿದವರು ಯಾರು ಎಂಬುದಕ್ಕಿಂತ ಅವರ ಮಾತಿಗೆ ಆಧಾರ ಏನು ಎಂದು ಕೇಳುವುದು ಮೇಲು. ಇದು ನಾಯಿಯ ಊಟಕ್ಕಷ್ಟೇ ಅಲ್ಲ, ಟ್ಯೂಷನ್ನಿಗೂ ಅನ್ವಯಿಸುತ್ತದೆ, ಮಕ್ಕಳು ಮುಂದೆ ಸೇರುವ ಕೋರ್ಸಿಗೂ ಅನ್ವಯಿಸುತ್ತದೆ. ಡಾಕ್ಟರ ಮುಂದೆ ಇಡಬಹುದಾದ ಪ್ರಶ್ನೆಗಳು ಸರಳ. ರೋಗದ ಹೆಸರೇನು, ಎಷ್ಟನೆಯ ಹಂತ? ಈ ಆಹಾರದಲ್ಲಿ ಏನು ಕಡಿಮೆ, ಏನು ಹೆಚ್ಚು? ಎಷ್ಟು ಕಾಲ ಕೊಡಬೇಕು? ಗುಣ ಕಂಡಿತೆಂದು ಯಾವ ಪರೀಕ್ಷೆಯಿಂದ ತಿಳಿಯುತ್ತದೆ? ಬೇರೆ ಕಂಪನಿಯದು ನಡೆಯುತ್ತದೆಯೆ, ಬೇರೆ ಅಂಗಡಿಯಲ್ಲಿ ಕೊಳ್ಳಬಹುದೆ? ರೋಗ ತಿಳಿದು ಬರೆದವರು ಇವಕ್ಕೆ ಸಿಟ್ಟಾಗದೆ ಉತ್ತರಿಸುತ್ತಾರೆ. "ಎಲ್ಲಕ್ಕೂ ಇದೇ ಒಳ್ಳೆಯದು" ಎಂಬ ಉತ್ತರ ಬಂದರೆ ಇನ್ನೊಬ್ಬರನ್ನು ಕೇಳಬಹುದು.

ಪೀಣ್ಯದವರಿಗೆ ಅಂಥ ಇನ್ನೊಂದು ಅಭಿಪ್ರಾಯ ದೂರವೂ ಅಲ್ಲ. ಗೊರಗುಂಟೆಪಾಳ್ಯದಿಂದ ಹೊರವರ್ತುಲ ರಸ್ತೆ ಹಿಡಿದು ಬಿ.ಇ.ಎಲ್. ವೃತ್ತ ದಾಟಿದರೆ ಹೆಬ್ಬಾಳ. ಅಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಆಸ್ಪತ್ರೆ ಇವೆ. ವರದಿಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋದರೆ ಪರೀಕ್ಷೆ ಮತ್ತೆ ಮಾಡಿಸುವ ಖರ್ಚು ಉಳಿಯಬಹುದು.

ಎಚ್ಚರಿಕೆ ಬೇಕಾದದ್ದು ಇನ್ನೊಂದು ಕಡೆಯೂ ಇದೆ. ಈ ಪ್ಯಾಕೆಟ್ಟುಗಳನ್ನು ಚೀಟಿ ಇಲ್ಲದೆಯೇ ಮನೆಗೆ ತರಿಸಿಕೊಳ್ಳುವುದು ಈಗ ಸುಲಭ. ವೈಟ್‌ಫೀಲ್ಡಿನಂಥ ಕಡೆ ದುಡ್ಡಿಗೆ ತೊಂದರೆ ಇಲ್ಲದ ಮನೆಗಳಲ್ಲಿ, ಬೆಲೆ ಹೆಚ್ಚು ಇದ್ದದ್ದೇ ಒಳ್ಳೆಯದು ಎಂದು ಆರೋಗ್ಯವಂತ ನಾಯಿಗೂ ಹಾಕಿಬಿಡುವುದುಂಟು. ಮೂತ್ರಪಿಂಡದ ಪಥ್ಯ ಬೆಳೆಯುವ ಮರಿಗೆ ಸಲ್ಲದು, ಅದಕ್ಕೆ ಬೇಕಾದಷ್ಟು ಪ್ರೋಟೀನು ಅದರಲ್ಲಿಲ್ಲ. ಮನೆಯಲ್ಲಿ ಎರಡು ನಾಯಿಗಳಿದ್ದರೆ ತಟ್ಟೆ ಬೇರೆ, ಹೊತ್ತೂ ಬೇರೆ ಇರಬೇಕು.

ಸಂಬಳದ ಲೆಕ್ಕ

ಈಗ ತಂದೆಯ ಮಾತು. ಇದನ್ನು ಗಣಿತದ ಪುಸ್ತಕದಂತೆ ಬಿಡಿಸಬಹುದು. ಇಪ್ಪತ್ತು ಕಿಲೋ ತೂಗುವ ನಾಯಿಗೆ ಒಣ ಆಹಾರ ದಿನಕ್ಕೆ 250 ಗ್ರಾಮಿನ ಸುತ್ತಮುತ್ತ ಬೇಕು. ತಿಂಗಳಿಗೆ ಏಳೂವರೆ ಕಿಲೋ. ಕಿಲೋಗೆ ಸಾವಿರ ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 7,500 ರೂಪಾಯಿ. ಎರಡು ಕೋಣೆಯ ಮನೆಯ ಬಾಡಿಗೆಗೆ ಸರಿಸಮ. ವರ್ಷಕ್ಕೆ 90,000. ಮಗಳ ಕಾಲೇಜಿನ ಹಣವೂ ಇದೇ ಸಂಬಳದಿಂದಲೇ ಬರಬೇಕು.

ಇಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. "ಡಾಕ್ಟರೇ, ತಿಂಗಳಿಗೆ ಇಷ್ಟು ಮಾತ್ರ ಆಗುತ್ತದೆ. ಇದರೊಳಗೆ ಏನು ಮಾಡಬಹುದು?" ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ದಾರಿಗಳು ತೆರೆಯುತ್ತವೆ. ಅಳತೆಯ ಮನೆಯಡುಗೆ ಒಂದು ದಾರಿ. ಸ್ವಲ್ಪ ಪ್ಯಾಕೆಟ್ಟು, ಉಳಿದದ್ದು ಅವರು ಹೇಳಿದ ಅಡುಗೆ ಎಂಬುದು ಇನ್ನೊಂದು. ಏನೂ ಆಗದು ಎಂಬ ಸ್ಥಿತಿಯಲ್ಲೂ ಎಲುಬು, ಈಲಿ, ಉಪ್ಪಿನ ತಿಂಡಿ ನಿಲ್ಲಿಸುವುದಕ್ಕೆ ಕಾಸು ಬೇಡ. ಊಟದಲ್ಲಿನ ರಂಜಕವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ಹೊರಗೆ ಕಳಿಸುವ ಔಷಧಿಗಳೂ ಉಂಟು, ಅವನ್ನು ಡಾಕ್ಟರು ಹೇಳಿದಂತೆ ಊಟದ ಜೊತೆಗೇ ಕೊಡಬೇಕು. ಕುಡಿಯುವ ನೀರು ಮಾತ್ರ ಸದಾ ಇರಬೇಕು. ಹೊಸ್ತಿಲು ಒದ್ದೆಯಾಗುತ್ತದೆಂದು ನೀರಿನ ಬಟ್ಟಲು ಎತ್ತಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ದುಡ್ಡು ಕೊಟ್ಟು ತಂದದ್ದನ್ನು ನಾಯಿ ಮೂಸಿ ನೋಡಿ ಹೋದರೆ? ಇದು ದಿನನಿತ್ಯದ ಕಥೆ. ಅದಕ್ಕೆ ದೊಡ್ಡ ಚೀಲ ಮೊದಲೇ ಕೊಳ್ಳಬಾರದು, ಚಿಕ್ಕದು ತರಬೇಕು. ಹಳೆಯ ಊಟದ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸಿ ಒಂದು ವಾರದಲ್ಲಿ, ಬೇಕಾದರೆ ಮೂರು-ನಾಲ್ಕು ವಾರದಲ್ಲಿ ಬದಲಿಸಬೇಕು. ಉಗುರುಬೆಚ್ಚಗಿನ ನೀರು ಚಿಮುಕಿಸಿದರೆ ವಾಸನೆ ಏಳುತ್ತದೆ. ನಾಯಿಗೆ ವಾಂತಿ, ವಾಕರಿಕೆ ಇರುವ ದಿನ ಹೊಸ ಊಟ ಆರಂಭಿಸಬಾರದು. ಆ ಸಂಕಟವನ್ನೂ ಊಟವನ್ನೂ ಅದು ಒಟ್ಟಿಗೆ ನೆನಪಿಟ್ಟುಕೊಂಡು ಮತ್ತೆಂದೂ ಮುಟ್ಟದಿರಬಹುದು. ಏನು ಮಾಡಿದರೂ ತಿನ್ನದಿದ್ದರೆ ಉಪವಾಸ ಕೆಡವಬಾರದು. ಪಥ್ಯವಲ್ಲದ ಊಟವಾದರೂ ಹೊಟ್ಟೆಗೆ ಬೀಳುವುದು ಉಪವಾಸಕ್ಕಿಂತ ಮೇಲು. ಅಷ್ಟರಲ್ಲಿ ಡಾಕ್ಟರನ್ನು ಮತ್ತೆ ಕಾಣಬೇಕು.

ಮಗಳ ಪಾಲಿನ ಕೆಲಸ

"ತರಲೇಬೇಕು" ಎಂದವಳ ಪಾಲಿಗೂ ಕೆಲಸ ಉಂಟು. ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆ ಸಾಕು. ದಿನಕ್ಕೆ ಎಷ್ಟು ತಿಂದಿತು, ಎಷ್ಟು ಬಟ್ಟಲು ನೀರು ಕುಡಿಯಿತು, ವಾಂತಿ ಮಾಡಿತೆ ಎಂದು ಬರೆಯಬೇಕು. ಹದಿನೈದು ದಿನಕ್ಕೊಮ್ಮೆ ತೂಕ. ನಾಯಿ ತಕ್ಕಡಿಯ ಮೇಲೆ ನಿಲ್ಲದಿದ್ದರೆ ಅದನ್ನು ಎತ್ತಿಕೊಂಡು ನಿಂತು, ಆಮೇಲೆ ಒಬ್ಬಳೇ ನಿಂತು, ಕಳೆದರಾಯಿತು. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಬೀದಿ ಕೊನೆಯ ಗುಜರಿ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಮುಂದಿನ ರಕ್ತ ಪರೀಕ್ಷೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಆ ದಿನ ಬರುವ ಅಂಕಿಯೇ ಈ ಖರ್ಚು ಸಾರ್ಥಕವೆ ಎಂಬುದನ್ನು ಹೇಳಬೇಕಾದದ್ದು.

ಆ ಅಂಕಿ ನಿಜ ಹೇಳಬೇಕಾದರೆ ಮನೆಯವರೂ ನಿಜ ಹೇಳಬೇಕು. ಬೆಳಗ್ಗೆ ಎಲ್ಲರೂ ಕೆಲಸಕ್ಕೆ, ಕಾಲೇಜಿಗೆ ಹೊರಟ ಮೇಲೆ ಮನೆಯಲ್ಲಿ ಉಳಿಯುವುದು ಅಜ್ಜಿ ಮತ್ತು ಟಾಮಿ. ಮುದಿ ನಾಯಿ ಬಂದು ಮೊಣಕಾಲಿಗೆ ಮೂತಿ ಒತ್ತಿ ನಿಂತರೆ ಅಜ್ಜಿಯ ಕೈ ಸುಮ್ಮನಿರದು. ಭಾನುವಾರದ ಸಾರಿನಿಂದ ತೆಗೆದಿಟ್ಟ ಎಲುಬೋ, ಟೀಗೆ ಅದ್ದಿದ ಬಿಸ್ಕತ್ತೋ ಕೆಳಗೆ ಬೀಳುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳ ಕೊನೆಗೆ ಕ್ರಿಯಾಟಿನಿನ್ ಏರಿರುತ್ತದೆ. "ಅಷ್ಟು ದುಡ್ಡು ಸುರಿದರೂ ಗುಣವಾಗಲಿಲ್ಲ, ಬರೀ ಮೋಸ" ಎಂದು ತಂದೆ ತಾಯಿ ಪ್ಯಾಕೆಟ್ಟು ನಿಲ್ಲಿಸುತ್ತಾರೆ. ಮೋಸ ಆದದ್ದು ಎಲ್ಲಿ ಎಂದು ಅಜ್ಜಿಗೆ ಮಾತ್ರ ಗೊತ್ತು.

ಇದಕ್ಕೆ ಅಜ್ಜಿಯನ್ನು ಗದರಿಸುವುದು ಪರಿಹಾರವಲ್ಲ. ಡಾಕ್ಟರ ಬಳಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುವುದು ಪರಿಹಾರ. "ಏನೇನು ಹಾಕ್ತೀರಮ್ಮ?" ಎಂದು ಡಾಕ್ಟರೇ ಕೇಳಿದಾಗ ಮರೆಯಿಲ್ಲದೆ ಉತ್ತರ ಬರುತ್ತದೆ. ಏನೂ ಕೊಡಬೇಡಿ ಎಂದರೆ ಅಜ್ಜಿ ಒಪ್ಪುವವರಲ್ಲ. ಎಲುಬಿನ ಬದಲು ಏನು ಕೊಡಬಹುದು, ಎಷ್ಟು ಕೊಡಬಹುದು ಎಂದು ಹೇಳಿದರೆ ಒಪ್ಪುತ್ತಾರೆ. ದಿನದ ಪಥ್ಯದಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಯಲ್ಲಿ ಅವರ ಕೈಗೆ ಕೊಟ್ಟರೂ ಆಯಿತು. ಕೈ ಸುಮ್ಮನಿರುವುದೂ ಬೇಡ, ಲೆಕ್ಕ ತಪ್ಪುವುದೂ ಬೇಡ.

ಸೋತ ಮೂತ್ರಪಿಂಡ ಮತ್ತೆ ಹೊಸದಾಗುವುದಿಲ್ಲ. ಯಾವ ಪ್ಯಾಕೆಟ್ಟೂ, ಯಾವ ಮುದ್ದೆಯೂ ಟಾಮಿಯನ್ನು ಮರಿ ಮಾಡಿ ತಂದುಕೊಡದು. ಸಿಗಬಹುದಾದದ್ದು ಇನ್ನೊಂದಿಷ್ಟು ತಿಂಗಳು, ಅದರಲ್ಲಿ ನೋವಿಲ್ಲದ ದಿನಗಳು. ಅದಕ್ಕೆ ಎಷ್ಟು ಖರ್ಚು ಮಾಡಬಹುದು ಎಂಬುದನ್ನು ಆ ಮನೆಯವರೇ ತೀರ್ಮಾನಿಸಬೇಕು, ಹೊರಗಿನವರು ಹೇಳುವಂಥದಲ್ಲ. ಆದರೆ ಆ ತೀರ್ಮಾನ ರೋಗದ ಹೆಸರು, ವರದಿಯ ಅಂಕಿ, ಕೈಯಲ್ಲಿರುವ ದುಡ್ಡು, ಮೂರನ್ನೂ ಮುಂದಿಟ್ಟುಕೊಂಡು ನಾಲ್ವರೂ ಒಟ್ಟಿಗೆ ಕುಳಿತು ಮಾಡಿದ್ದಾಗಿರಲಿ. ಬಾಗಿಲಲ್ಲಿ ಮಲಗಿರುವ ಟಾಮಿಗೆ ಕೇಳಲು ಬಾಯಿಲ್ಲ. ಅದರ ಪರವಾಗಿ ಕೇಳಬೇಕಾದವರು ಆ ನಾಲ್ವರೇ.